ಸೂಲಗಿತ್ತಿಯ ಸೇವೆ, ಆಶಾಳ ಪಗಾರ



ಊರ ಕಡೆ ಆಶಾ ಕಾರ್ಯಕರ್ತೆಯರು ಧರಣಿ ಕುಳಿತರೆಂಬ ಸುದ್ದಿ ಬಂದಾಗ ನಮ್ಮವರಲ್ಲಿಯೇ ಕೆಲವರು ಒಂದು ಮಾತು ಆಡುತ್ತಾರೆ: “ಪಾವಗಡದ ಸೂಲಗಿತ್ತಿ ನರಸಮ್ಮ ಒಂದು ಕಾಸು ಮುಟ್ಟದೆ ಸಾವಿರಾರು ಹೆರಿಗೆ ಮಾಡಿಸಿದಳು. ಇವರಿಗೇನು ಬಂತು ರೋಗ?” ಮಾಲಿಕರು ಹೀಗೆಂದರೆ ನನಗೆ ಆಶ್ಚರ್ಯವಿಲ್ಲ. ಹೊಟೇಲಿನ ಹಿಂಬದಿಯಲ್ಲಿ ಪಾತ್ರೆ ತಿಕ್ಕುವವನ ಬಾಯಲ್ಲಿಯೂ ಇದು ಬರುತ್ತದಲ್ಲ, ಅದಕ್ಕೆ ಸಿಟ್ಟಿಗಿಂತ ವ್ಯಸನವೇ ಹೆಚ್ಚಾಗುತ್ತದೆ.

ಮೊದಲು ಆ ತಾಯಿಯ ಮಾತು. ನರಸಮ್ಮನವರದು ಸಣ್ಣ ಬಾಳಲ್ಲ. ತುಮಕೂರು ಜಿಲ್ಲೆಯ ಪಾವಗಡ ತಾಲೂಕಿನ ಕೃಷ್ಣಾಪುರ ಅವರ ಊರು. ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಹನ್ನೆರಡು ವರ್ಷಕ್ಕೆ ಮದುವೆ. ಸೂಲಗಿತ್ತಿಯಾಗಿದ್ದ ಅಜ್ಜಿಯ ಕೈಕೆಳಗೆ ನಿಂತು ವಿದ್ಯೆ ಕಲಿತರು. ಊರಿಗೆ ಬಂದಿಳಿಯುತ್ತಿದ್ದ ಅಲೆಮಾರಿಗಳಿಂದ ಗಿಡಮೂಲಿಕೆಯ ಗುಣ ತಿಳಿದುಕೊಂಡರು. 1940ರಲ್ಲಿ, ಇಪ್ಪತ್ತರ ಪ್ರಾಯದಲ್ಲಿ, ಸಂಬಂಧಿಕಳೊಬ್ಬಳ ಹೆರಿಗೆಗೆ ಮೊದಲ ಸಲ ಕೈಹಚ್ಚಿದರು. ಅಲ್ಲಿಂದ ಎಪ್ಪತ್ತು ವರ್ಷಕ್ಕೂ ಮಿಕ್ಕಿ ಅದೇ ಕೆಲಸ. ಯಂತ್ರವಿಲ್ಲ, ಗಾಜಿನ ನಳಿಗೆಯಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟು ಕೂಸಿನ ತಲೆ ಎತ್ತ ಇದೆ, ನಾಡಿ ಹೇಗಿದೆ ಎಂದು ಹೇಳಬಲ್ಲವರಾಗಿದ್ದರು. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳ ಲೆಕ್ಕ ಹೇಳುತ್ತಾರೆ. ಹಣ ಮುಟ್ಟಲಿಲ್ಲವೆಂಬುದೂ ನಿಜ.

ಅವರೇ ಹನ್ನೆರಡು ಮಕ್ಕಳ ತಾಯಿ. ಅದರಲ್ಲಿ ನಾಲ್ಕು ಕೂಸುಗಳು ಎಳವೆಯಲ್ಲೇ ತೀರಿಕೊಂಡವು. ಇದನ್ನು ಒಂದು ಕ್ಷಣ ನಿಂತು ನೋಡಿರಿ. ತನ್ನ ನಾಲ್ಕು ಮಕ್ಕಳನ್ನು ಮಣ್ಣಿಗೆ ಕೊಟ್ಟ ಹೆಂಗಸು ಮತ್ತೆ ನಡುರಾತ್ರಿ ಎದ್ದು ಇನ್ನೊಬ್ಬರ ಕೂಸನ್ನು ಬದುಕಿಸಲು ಹೊರಡುತ್ತಾಳೆ. ಅವಳು ಹೊರಟಾಗ ಮನೆಯಲ್ಲಿ ಒಲೆ ಹಚ್ಚಿದವರು ಯಾರು? ಎಳೆಯ ಮಕ್ಕಳನ್ನು ತಟ್ಟಿ ಮಲಗಿಸಿದವರು ಯಾರು? ಯಾವ ಸನ್ಮಾನಪತ್ರದಲ್ಲಿಯೂ ಇದನ್ನು ಬರೆಯುವುದಿಲ್ಲ. ಸೇವೆ ಮಾಡಿದವರು ಒಬ್ಬರು, ಬೆಲೆ ತೆತ್ತದ್ದು ಇಡೀ ಸಂಸಾರ.

ತುಮಕೂರು ವಿಶ್ವವಿದ್ಯಾಲಯ 2014ರಲ್ಲಿ ಗೌರವ ಡಾಕ್ಟರೇಟು ಕೊಟ್ಟಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ಬೆಂಗಳೂರಿನ ಆಸ್ಪತ್ರೆಯಲ್ಲಿ, 98ನೆಯ ವಯಸ್ಸಿನಲ್ಲಿ, ತೀರಿಕೊಂಡರು. ಕೊಟ್ಟವರಿಗೆ ನಮಸ್ಕಾರ. ಆದರೂ ಬಹಳ ತಡವಾಗಿ ಬಂತು ಎನ್ನದೆ ಇರಲಾರೆ.

ನಮ್ಮ ಪುಣೆಯಲ್ಲಿಯೂ ಅಂಥ ತಾಯಿ ಇದ್ದರು. 1897ರ ಪ್ಲೇಗಿನಲ್ಲಿ ಸಾವಿತ್ರಿಬಾಯಿ ಫುಲೆ ಮತ್ತು ಅವರ ದತ್ತುಮಗ ಡಾಕ್ಟರ್ ಯಶವಂತರಾಯರು ಹಡಪಸರದ ಕಡೆ ರೋಗಿಗಳಿಗಾಗಿ ದವಾಖಾನೆ ತೆರೆದರು. ಮುಂಢವೆಯ ಒಬ್ಬ ಹುಡುಗನನ್ನು ಸಾವಿತ್ರಿಬಾಯಿ ಬೆನ್ನ ಮೇಲೆ ಹೊತ್ತು ತಂದರು. ಆ ರೋಗವೇ ತಗಲಿ ಮಾರ್ಚ್ 10ರಂದು ತೀರಿಹೋದರು. ಹಡಪಸರದಲ್ಲಿ ದುಡಿಯುವ ನಮ್ಮ ಹುಡುಗರು ಎಷ್ಟು ಮಂದಿಗೆ ಇದು ಗೊತ್ತು?

ಈಗ ಆಶಾಳ ಮಾತಿಗೆ ಬರೋಣ. 2005ರ ಗ್ರಾಮೀಣ ಆರೋಗ್ಯ ಅಭಿಯಾನದಲ್ಲಿ ಸಾವಿರ ಜನಕ್ಕೆ ಒಬ್ಬಳಂತೆ ಈ ಕಾರ್ಯಕರ್ತೆಯನ್ನು ನೇಮಿಸುವುದೆಂದಾಯಿತು. ಬಸುರಿಯ ಹೆಸರು ಬರೆಯುವುದು, ಕೂಸಿಗೆ ಲಸಿಕೆ ಹಾಕಿಸುವುದು, ಕ್ಷಯದವನಿಗೆ ಗುಳಿಗೆ ತಪ್ಪದಂತೆ ನೋಡುವುದು, ಅಪರಾತ್ರಿಯಲ್ಲಿ ಹೆರಿಗೆಗೆ ಆಸ್ಪತ್ರೆಯವರೆಗೆ ಜೊತೆ ಹೋಗುವುದು, ಎಲ್ಲ ಅವಳದೇ. 2020ರಲ್ಲಿ ನಾವು ಹೊಟೇಲು ಮುಚ್ಚಿ ಗಂಟುಮೂಟೆ ಕಟ್ಟಿ ಊರು ಸೇರಿದಾಗ ಬಾಗಿಲಿಗೆ ಬಂದು ಜ್ವರವಿದೆಯೇ ಎಂದು ಕೇಳಿದವಳೂ ಅವಳೇ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇವರನ್ನು ಲೋಕದ ಮುಂದೆ ಗೌರವಿಸಿತು.

ಆದರೆ ಸರಕಾರದ ಕಾಗದದಲ್ಲಿ ಇವಳು ಕಾರ್ಮಿಕಳಲ್ಲ, ಸ್ವಯಂಸೇವಕಿ. ಇವಳಿಗೆ ಪಗಾರವಿಲ್ಲ, ‘ಗೌರವಧನ’ ಮತ್ತು ಕೆಲಸಕ್ಕೆ ಇಷ್ಟೆಂಬ ಪ್ರೋತ್ಸಾಹಧನ. ಸ್ವಯಂಸೇವಕಿಗೆ ರಜಿಸ್ಟರೇಕೆ, ಮೊಬೈಲಿನಲ್ಲಿ ತುಂಬುವ ಲೆಕ್ಕವೇಕೆ, ಮೇಲಿನವರ ಬೈಗುಳವೇಕೆ ಎಂದು ಕೇಳಿದರೆ ಉತ್ತರವಿಲ್ಲ. ನರಸಮ್ಮನವರ ಮೇಲೆ ಯಾವ ಸಾಹೇಬನೂ ಇರಲಿಲ್ಲ; ಕರೆದರೆ ಹೋದರು, ತಮ್ಮ ಮನಸ್ಸಿನಿಂದ ಹೋದರು. ದಿನದ ಲೆಕ್ಕ ಕೇಳುವವನು ದಿನದ ಕೂಲಿಯನ್ನೂ ಕೊಡಬೇಕು. 2013ರಲ್ಲಿ ಭಾರತೀಯ ಕಾರ್ಮಿಕ ಸಮ್ಮೇಳನದ 45ನೆಯ ಅಧಿವೇಶನವೂ ಇದನ್ನೇ ಹೇಳಿತು: ಯೋಜನೆಗಳಲ್ಲಿ ದುಡಿಯುವ ಈ ಹೆಂಗಸರನ್ನು ಕಾರ್ಮಿಕರೆಂದು ಒಪ್ಪಿ ಕನಿಷ್ಠ ವೇತನ ಕೊಡಬೇಕೆಂದು. ಶಿಫಾರಸು ಶಿಫಾರಸಾಗಿಯೇ ಉಳಿಯಿತು.

2025ರ ಜನವರಿಯ ಚಳಿಯಲ್ಲಿ ಕರ್ನಾಟಕದ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲಿರುಳು ಕುಳಿತರು. ಬೇಡಿಕೆ ತಿಂಗಳಿಗೆ 15,000 ರೂಪಾಯಿ. ಮುಖ್ಯಮಂತ್ರಿಗಳು ಏಪ್ರಿಲಿನಿಂದ ಕನಿಷ್ಠ 10,000 ಸಿಗುವಂತೆ ಮಾಡುವುದಾಗಿ ಮಾತು ಕೊಟ್ಟರು. ಮಾತು ನಡೆಯಲಿಲ್ಲವೆಂದು ಆಗಸ್ಟಿನಲ್ಲಿ ಮತ್ತೆ ಧರಣಿ. ಮಹಾರಾಷ್ಟ್ರದಲ್ಲಿ 2024ರ ಮಾರ್ಚಿನಲ್ಲಿ ತಿಂಗಳಿಗೆ 5,000 ರೂಪಾಯಿ ಹೆಚ್ಚಿಸಲು ಸಂಪುಟ ಒಪ್ಪಿದ್ದು ಕೂಡ ಮುಷ್ಕರ ಹೂಡಿದ ಮೇಲೆಯೇ.

‘ಸೇವೆ’ ಎಂಬ ಮಾತು ನಮಗೇನು ಹೊಸದೆ? ನಾನು ಹುಡುಗನಾಗಿ ಗ್ಲಾಸು ತೊಳೆಯಲು ನಿಂತಾಗ ಮಾಲಿಕರೊಬ್ಬರು ಹೇಳಿದ್ದರು: “ನೀನು ನಮ್ಮ ಮನೆ ಮಗನಂತೆ.” ಮನೆ ಮಗನಾದ್ದರಿಂದ ವಾರದ ರಜೆ ಇಲ್ಲ, ಹದಿನಾಲ್ಕು ತಾಸಿನ ಕೆಲಸಕ್ಕೆ ಲೆಕ್ಕವಿಲ್ಲ, ಮಲಗಲು ಮಾತ್ರ ಅವರ ಮನೆಯಲ್ಲ, ಹಿಟ್ಟಿನ ಚೀಲಗಳ ನಡುವೆ. ನಮಗೆ ‘ಮನೆ ಮಗ’ ಎಂದವರು ಅವಳಿಗೆ ‘ತಾಯಿ’ ಎನ್ನುತ್ತಾರೆ. ಮಾತು ಸಿಹಿ, ಕೈ ಖಾಲಿ.

ಇಂಡಿ, ಜತ್ತ, ಅಕ್ಕಲಕೋಟೆ, ಆಳಂದದ ಕಡೆಯವರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ಹಲವರ ಹೆಂಡತಿಯೋ ಅಕ್ಕತಂಗಿಯೋ ಆಶಾ ಆಗಿರಬಹುದು. ಮನಿಆರ್ಡರು ಹೋಗಿ ಮೊಬೈಲಿನಲ್ಲಿ ಹಣ ಕಳಿಸುವ ಕಾಲ ಬಂದರೂ ಮನೆಯ ಉಪ್ಪು ಎಣ್ಣೆ ನಡೆಯುವುದು ಅವಳ ಗೌರವಧನದಿಂದ ಎಂಬುದನ್ನು ಎಷ್ಟು ಗಂಡಸರು ಒಪ್ಪುತ್ತಾರೆ? ಅವಳು ಧರಣಿಗೆ ಹೊರಟರೆ “ಊರೇನೆನ್ನುತ್ತದೆ” ಎಂದು ತಡೆಯುವವರು ನಾವೇ. ಇನ್ನು ಮುಂದೆ ತಡೆಯಬೇಡಿರಿ. ಬಸ್ಸಿನ ಖರ್ಚಿಗೆ ಕೊಟ್ಟು ಕಳಿಸಿರಿ. ಅವರ ಬೇಡಿಕೆಗೆ ಬೆಂಬಲದ ಠರಾವನ್ನು ನಮ್ಮ ಸಂಘದ ಮುಂದಿನ ಸಭೆಗೆ ನಾನು ತರುವವನಿದ್ದೇನೆ. ರಾತ್ರಿ ಪಾಳಿ ಮುಗಿಸಿದವರೂ ಅರ್ಧ ತಾಸು ಕುಳಿತು ಕೈಯೆತ್ತಿ ಹೋಗಬೇಕು.