ಹುಡುಗರ ಕುಡಿತವೂ ಸರ್ಕಾರದ ಬೊಕ್ಕಸವೂ

ಐಸ್‌ಲ್ಯಾಂಡ್ ಸುಮಾರು ನಾಲ್ಕು ಲಕ್ಷ ಜನರ ಪುಟ್ಟ ದೇಶ. 1998ರಲ್ಲಿ ಅಲ್ಲಿನ ಹದಿನೈದು ಹದಿನಾರರ ಮಕ್ಕಳಲ್ಲಿ ನೂರಕ್ಕೆ 42 ಮಂದಿ ಹಿಂದಿನ ತಿಂಗಳೊಂದರಲ್ಲಿ ಕುಡಿದು ಅಮಲೇರಿದ್ದವರು. 2016ರ ಹೊತ್ತಿಗೆ ಅವರು 5 ಮಂದಿ. ಗಾಂಜಾ ಸೇದಿದವರು 17ರಿಂದ 7ಕ್ಕೆ ಇಳಿದರು. ಇದು ಬರಿಯ ಲಾಠಿಯಿಂದ ಆದ ಕೆಲಸವಲ್ಲ. ಶಾಲೆಗಳಲ್ಲಿ ಮಕ್ಕಳನ್ನೇ ಹೆಸರು ಬರೆಸದೆ ಕೇಳಿ ಲೆಕ್ಕ ತೆಗೆದರು. ಸಂಜೆಯ ಆಟಕ್ಕೆ, ಸಂಗೀತಕ್ಕೆ ಸಾರ್ವಜನಿಕ ಹಣ ಕೊಟ್ಟರು. ರಾತ್ರಿ ಬೀದಿ ಕಾಯಲು ತಾಯಿತಂದೆಗಳೇ ಹೊರಟರು.

ನಮ್ಮಲ್ಲಿ? 2019ರಲ್ಲಿ ಪ್ರಕಟವಾದ ಕೇಂದ್ರ ಸರ್ಕಾರದ ಸಮೀಕ್ಷೆಯಂತೆ 10ರಿಂದ 17ರ ಮಕ್ಕಳಲ್ಲಿ ಮದ್ಯ ಕುಡಿಯುವವರು ನೂರಕ್ಕೆ 1.3, ಗಾಂಜಾ ಭಂಗಿಯವರು 0.9. ಇದನ್ನು ಕಂಡು ಬೀಗುವವರಿಗೆ ನಮ್ಮದೊಂದು ಪ್ರಶ್ನೆ: ಮನೆ ಬಾಗಿಲಿಗೆ ಬಂದು ಕೇಳಿದರೆ ಅಪ್ಪನ ಎದುರು ಮಗ ನಿಜ ಹೇಳುವನೆ? ಅದೇ ಸಮೀಕ್ಷೆಯಲ್ಲಿ ಅಂಟು, ತಿನ್ನರುಗಳ ವಾಸನೆ ಎಳೆಯುವವರು ವಯಸ್ಕರಲ್ಲಿ 0.58, ಮಕ್ಕಳಲ್ಲಿ 1.17. ಅಗ್ಗದ ಅಮಲು ಬಡವರ ಮಕ್ಕಳ ಪಾಲು.

ಜರ್ಮನಿಯಲ್ಲಿ 16 ತುಂಬಿದವನು ಬಿಯರ್ ಕೊಳ್ಳಬಹುದು, ಅಮೆರಿಕದಲ್ಲಿ 21 ಆಗಬೇಕು. ನಮ್ಮ 1967ರ ಅಬಕಾರಿ ನಿಯಮವೂ 21 ಎನ್ನುತ್ತದೆ. ಅಬಕಾರಿ ಕಾಯಿದೆ ಮಾತ್ರ 18 ಎನ್ನುತ್ತದೆ. 2023ರಲ್ಲಿ ನಿಯಮವನ್ನೂ 18ಕ್ಕೆ ಇಳಿಸಹೊರಟ ಸರ್ಕಾರ ವಿರೋಧ ಕಂಡು ಹಿಂದೆಗೆಯಿತು. ಅಂದು ಇದ್ದ ಪಕ್ಷ ಬೇರೆ, ಇಂದಿನ ಪಕ್ಷ ಬೇರೆ. ಬೊಕ್ಕಸದ ಹಸಿವು ಒಂದೇ. 2025-26ಕ್ಕೆ ಅಬಕಾರಿಯಿಂದ ಇರಿಸಿಕೊಂಡ ಗುರಿ 40,000 ಕೋಟಿ ರೂಪಾಯಿ! 2007ರ ಜುಲೈ 1ರಂದು ಸಾರಾಯಿ ನಿಂತಿತು. ಅದರ ಜಾಗಕ್ಕೆ ಅಗ್ಗದ ವಿಸ್ಕಿಯ ಪೊಟ್ಟಣ ಬಂತು. ಮಕ್ಕಳಿಗೆ 'ಲೇಖಕ್' ನೋಟುಪುಸ್ತಕ ಮಾರುವ ಸರ್ಕಾರಿ ಸಂಸ್ಥೆ ಎಂ.ಎಸ್.ಐ.ಎಲ್.ಗೇ ಮದ್ಯದಂಗಡಿಗಳೂ ಉಂಟು. ವಾಚಕರು ನಗಬಾರದು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣವೆಂದು ಹೆಸರಿಡಲು ಸರ್ಕಾರಕ್ಕೆ ಪುರುಸೊತ್ತಿತ್ತು. ಇಲ್ಲಿನ ಮಕ್ಕಳನ್ನು ಕೇಳಲೂ ಪುರುಸೊತ್ತು ಮಾಡಿಕೊಳ್ಳಲಿ. ಎಲ್ಲ ತಾಲ್ಲೂಕುಗಳ ಪ್ರೌಢಶಾಲೆ, ಕಾಲೇಜುಗಳಲ್ಲಿ ಹೆಸರಿಲ್ಲದ ಚೀಟಿಯಲ್ಲಿ ಲೆಕ್ಕ ತೆಗೆಯಬೇಕು. ಶಾಲೆ ಬಿಟ್ಟು ರೇಷ್ಮೆ ಬಿಚ್ಚಾಣಿಕೆಗೆ, ಬೊಂಬೆಯ ಕೆಲಸಕ್ಕೆ, ಕಲ್ಲು ಕ್ವಾರಿಗೆ ಹೋದ ಹುಡುಗರನ್ನು ಆ ಲೆಕ್ಕದಿಂದ ಬಿಡಕೂಡದು. ಇಲ್ಲಿನ ಅಂಗಡಿಗಳಿಂದ ಬರುವ ಅಬಕಾರಿ ಹಣದಲ್ಲಿ ಒಂದು ಪಾಲು ಇಲ್ಲಿನ ಆಟದ ಬಯಲಿಗೆ, ವಾಚನಾಲಯಕ್ಕೆ, ಜಿಲ್ಲಾ ಆಸ್ಪತ್ರೆಯಲ್ಲಿ ಎಳೆಯರ ಚಿಕಿತ್ಸೆಗೆ ಮೀಸಲಾಗಬೇಕು. ಮುಂದಿನ ಆಯವ್ಯಯ ಪತ್ರದಲ್ಲಿ ಇದಕ್ಕೊಂದು ಸಾಲು ಉಂಟೋ ಇಲ್ಲವೋ ಎಂದು ನಮ್ಮ ನಾಲ್ವರು ಶಾಸಕರನ್ನು ನಾವು ಕೇಳುತ್ತೇವೆ.