ಎಚ್ಚೆನ್ ಮೇಷ್ಟ್ರನ್ನು ನೆನೆಯುವುದು ಹೇಗೆ?

ಸೆಪ್ಟೆಂಬರ್ 5 ಬಂತೆಂದರೆ ನಮ್ಮ ಮೊಬೈಲ್‌ಗಳ ತುಂಬ ಗುರುವಂದನೆಯ ಸಂದೇಶಗಳು. ಹಳೆಯ ಮೇಷ್ಟ್ರ ಫೋಟೊವನ್ನು ಸ್ಟೇಟಸ್‌ಗೆ ಹಾಕುತ್ತೇವೆ. ಮಾರನೆಯ ದಿನ ಅದು ತಾನಾಗಿಯೇ ಅಳಿಸಿಹೋಗುತ್ತದೆ. ಒಬ್ಬ ಗುರುವನ್ನು ನೆನೆಯುವುದಕ್ಕೆ 24 ಗಂಟೆ ಸಾಕೇ? ನಮ್ಮ ಪಕ್ಕದ ತಾಲ್ಲೂಕಿನಲ್ಲೇ ಹುಟ್ಟಿದ ಡಾ. ಎಚ್. ನರಸಿಂಹಯ್ಯ ಅವರ ಬದುಕನ್ನು ತಿಳಿದಾಗ ಈ ಪ್ರಶ್ನೆ ಕಾಡದೇ ಇರದು.

ಮಧುಗಿರಿ, ಕೊರಟಗೆರೆಗಳ ಗಡಿ ದಾಟಿದರೆ ಗೌರಿಬಿದನೂರು ತಾಲ್ಲೂಕು. ಅಲ್ಲಿನ ಹೊಸೂರು ಎಂಬ ಹಳ್ಳಿಯಲ್ಲಿ 1920ರ ಜೂನ್ 6ರಂದು ಬಡ ಕುಟುಂಬವೊಂದರಲ್ಲಿ ನರಸಿಂಹಯ್ಯ ಹುಟ್ಟಿದರು. ಊರಿನಲ್ಲಿ ಎಂಟನೇ ತರಗತಿಯವರೆಗೆ ಓದಿದರು. ಮುಂದೆ ಓದಲು ಅಲ್ಲಿ ಹೈಸ್ಕೂಲು ಇರಲಿಲ್ಲ, ಬೇರೆ ಊರಿಗೆ ಹೋಗಲು ಕೈಯಲ್ಲಿ ಕಾಸಿರಲಿಲ್ಲ. ಆ ಹೊತ್ತಿಗೆ ಅವರ ಗುರುಗಳಾಗಿದ್ದ ಎಂ.ಎಸ್. ನಾರಾಯಣರಾವ್ ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿನಲ್ಲಿದ್ದರು. ಅಲ್ಲಿಗೆ ಬಂದು ಸೇರುವಂತೆ ಶಿಷ್ಯನಿಗೆ ಸೂಚಿಸಿದರು. ಬಸ್ಸಿನ ಕಾಸಿಲ್ಲದ ಹುಡುಗ 1935ರಲ್ಲಿ ಸುಮಾರು 85 ಕಿಲೋಮೀಟರ್ ದಾರಿಯನ್ನು ಎರಡು ದಿನ ನಡೆದು ಬೆಂಗಳೂರು ತಲುಪಿದ.

ಮುಂದಿನದು ಬಹಳ ಜನರಿಗೆ ಗೊತ್ತಿರುವ ಕಥೆ. ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗಲೇ 1942ರ ಕ್ವಿಟ್ ಇಂಡಿಯಾ ಚಳವಳಿಗೆ ಧುಮುಕಿ ಜೈಲು ಸೇರಿದರು. ಹೊರಬಂದು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, 1946ರಲ್ಲಿ ನ್ಯಾಷನಲ್ ಕಾಲೇಜಿನ ಅಧ್ಯಾಪಕರಾದರು. ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದಿಂದ 1960ರಲ್ಲಿ ಡಾಕ್ಟರೇಟ್ ಪಡೆದರು. ಪ್ರಾಂಶುಪಾಲರಾದರು, 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು. ಪದ್ಮಭೂಷಣವೂ ಬಂತು. ಆದರೂ ಖಾದಿ ಬಟ್ಟೆ, ಗಾಂಧಿ ಟೋಪಿ, ಕಾಲೇಜಿನ ಹಾಸ್ಟೆಲಿನ ಕೋಣೆ ಬದಲಾಗಲಿಲ್ಲ. ಅವಿವಾಹಿತರಾಗಿ ವಿದ್ಯಾರ್ಥಿಗಳ ನಡುವೆಯೇ ಬದುಕಿ 2005ರ ಜನವರಿ 31ರಂದು ಕಣ್ಮುಚ್ಚಿದರು.

ಇಷ್ಟೇ ಆಗಿದ್ದರೆ ಅವರು ಸರಳ ಬದುಕಿನ ದೊಡ್ಡ ವಿದ್ವಾಂಸರು ಎಂದು ಕೈಮುಗಿದು ಸುಮ್ಮನಾಗಬಹುದಿತ್ತು. ಆದರೆ ಎಚ್ಚೆನ್ ತಾವು ನಡೆದು ಬಂದ ದಾರಿಯನ್ನು ಮರೆಯಲಿಲ್ಲ. ನ್ಯಾಷನಲ್ ಎಜುಕೇಷನ್ ಸೊಸೈಟಿಯ ಮೂಲಕ ಗೌರಿಬಿದನೂರು, ಬಾಗೇಪಲ್ಲಿಯಂಥ ಹಿಂದುಳಿದ ಬರದ ನಾಡಿನಲ್ಲಿ ಕಾಲೇಜುಗಳು ಬಂದವು. ಓದಿಗಾಗಿ ತಮ್ಮ ಕಾಲು ಸವೆದಷ್ಟು ಬೇರೆ ಮಕ್ಕಳ ಕಾಲು ಸವೆಯಬಾರದು ಎಂಬುದೇ ಆ ಕೆಲಸದ ಹಿಂದಿನ ಕಾಳಜಿಯಲ್ಲವೇ? 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರುಮಾಡಿ ವಾರ ವಾರ ಉಪನ್ಯಾಸ ಏರ್ಪಡಿಸಿದ್ದೂ ಇದೇ ಕಾಳಜಿಯಿಂದ. ವಿಜ್ಞಾನ ಪದವೀಧರರ ಸೊತ್ತಾಗಿ ಉಳಿಯದೆ ಜನಸಾಮಾನ್ಯರಿಗೂ ಸಿಗಬೇಕು, ಯಾವುದನ್ನೂ ಪ್ರಶ್ನಿಸದೆ ಒಪ್ಪಬಾರದು ಎಂಬುದು ಅವರ ನಿಲುವು. ಪವಾಡಗಳನ್ನು ಪರೀಕ್ಷಿಸಲು ಕುಲಪತಿಯಾಗಿದ್ದಾಗಲೇ ಸಮಿತಿ ರಚಿಸಿ ಟೀಕೆಗಳನ್ನೂ ಎದುರಿಸಿದರು.

ಈಗ ನಮ್ಮ ಕಡೆ ನೋಡೋಣ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇಂದು ಇಲ್ಲಿ ಹೈಸ್ಕೂಲುಗಳಿವೆ, ಪಿಯು ಕಾಲೇಜುಗಳಿವೆ, ಪದವಿ ಕಾಲೇಜುಗಳೂ ಇವೆ. 1935ರ ಹೊಸೂರಿನ ಸ್ಥಿತಿ ನಮಗಿಲ್ಲ. ಆದರೆ ಹತ್ತನೇ ತರಗತಿ ಮುಗಿದ ಮೇಲೆ ಯಾರು ಮುಂದೆ ಓದುತ್ತಾರೆ, ಯಾರು ಬೆಂಗಳೂರಿನ ಗಾರ್ಮೆಂಟ್ಸ್ ಸೇರುತ್ತಾರೆ, ಯಾರಿಗೆ ಮನೆಯಲ್ಲಿ ಗಂಡು ಹುಡುಕಲು ಶುರುಮಾಡುತ್ತಾರೆ ಎಂಬುದು ಇಂದಿಗೂ ಅಂಕಪಟ್ಟಿಯೊಂದರಿಂದಲೇ ತೀರ್ಮಾನವಾಗುವುದಿಲ್ಲ. ಮಳೆ ಕೈಕೊಟ್ಟ ವರ್ಷ ಶೇಂಗಾ ಬೆಳೆ ಹೋದರೆ ಓದೂ ಹೋಗುತ್ತದೆ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಉಚಿತವಾಗಿದೆ, ನಿಜ. ಆದರೆ ಕಾಲೇಜಿನ ಹೊತ್ತಿಗೆ ಊರಿಗೆ ಬಸ್ಸೇ ಬಾರದಿದ್ದರೆ ಉಚಿತವಾಗಿದ್ದು ಏನು ಪ್ರಯೋಜನ?

ಎಚ್ಚೆನ್ ಅವರಂತೆ ಕಾಲೇಜು ಕಟ್ಟುವುದು, ಬದುಕನ್ನೇ ಮುಡಿಪಿಡುವುದು ನಮ್ಮಿಂದ ಆಗುವುದೇ ಎಂದು ಕೆಲವರು ಕೇಳಬಹುದು. ಎಲ್ಲರಿಂದ ಆಗದು. ಆದರೆ ಅವರ ಕಥೆಯಲ್ಲಿ ಇನ್ನೊಬ್ಬ ಮೇಷ್ಟ್ರೂ ಇದ್ದಾರೆ. ಊರು ಬಿಟ್ಟು ಹೋದ ಮೇಲೂ ಶಿಷ್ಯನನ್ನು ಮರೆಯದೆ, ಓದು ನಿಲ್ಲಿಸಬೇಡ, ಇಲ್ಲಿಗೆ ಬಾ ಎಂದವರು ನಾರಾಯಣರಾವ್. ಅವರು ಮಾಡಿದ್ದು ಅಷ್ಟೇ. ಆ ಒಂದು ಮಾತು ಇಲ್ಲದಿದ್ದರೆ ಹೊಸೂರಿನ ಜಾಣ ಹುಡುಗ ಕೂಲಿ ಮಾಡಿಕೊಂಡೇ ಉಳಿದುಬಿಡುತ್ತಿದ್ದನೇನೋ. ಕುಲಪತಿಯಾಗಲು ನಮಗೆ ಸಾಧ್ಯವಿಲ್ಲದಿರಬಹುದು, ನಾರಾಯಣರಾಯರಾಗಲು ಸಾಧ್ಯವಿದೆ.

ನಮ್ಮ ಊರುಗಳಿಂದ ಹೋಗಿ ತುಮಕೂರು, ಬೆಂಗಳೂರಿನಲ್ಲಿ ಓದುತ್ತಿರುವ, ಕೆಲಸ ಮಾಡುತ್ತಿರುವ ಯುವಕ ಯುವತಿಯರು ಎಷ್ಟಿಲ್ಲ? ಹಬ್ಬಕ್ಕೆ, ಜಾತ್ರೆಗೆ ಊರಿಗೆ ಬಂದಾಗ ಓದಿದ ಸರ್ಕಾರಿ ಶಾಲೆಗೆ ಒಂದು ಗಂಟೆ ಹೋಗಿ ಬರಬಹುದು. ಗಣಿತ, ಇಂಗ್ಲಿಷ್ ಎಂದರೆ ಹೆದರುವ ಮಕ್ಕಳ ಜೊತೆ ಕೂರಬಹುದು. ವಿದ್ಯಾರ್ಥಿವೇತನಕ್ಕೆ, ಹಾಸ್ಟೆಲಿಗೆ ಅರ್ಜಿ ಹಾಕುವುದು ಹೇಗೆಂದು ತೋರಿಸಿಕೊಡಬಹುದು. ತಾಲ್ಲೂಕು ಗ್ರಂಥಾಲಯದಲ್ಲಿ ತಿಂಗಳಿಗೊಮ್ಮೆಯಾದರೂ ವಿಜ್ಞಾನದ ಮಾತುಕತೆ ನಡೆಸಬಹುದು. ಬಸ್ಸಿನ ಸಮಯ ಬದಲಿಸುವಂತೆ ಹತ್ತು ಜನ ಸೇರಿ ಡಿಪೊಗೆ ಮನವಿ ಕೊಡಬಹುದು. ಇದಕ್ಕೆಲ್ಲ ಸಂಘ, ಬ್ಯಾನರ್, ಹಾರ ತುರಾಯಿ ಏನೂ ಬೇಡ.

ಎಲ್ಲಕ್ಕಿಂತ ಮುಖ್ಯವಾದ ಹೊತ್ತೆಂದರೆ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ನಂತರದ ಕೆಲವು ವಾರಗಳು. ಪ್ರಥಮ ಬಂದವರ ಫೋಟೊ ಪತ್ರಿಕೆಯಲ್ಲಿ ಬರುತ್ತದೆ. ಪಾಸಾಗಿಯೂ ಮನೆಯಲ್ಲೇ ಉಳಿದವರನ್ನು, ಒಂದೋ ಎರಡೋ ವಿಷಯದಲ್ಲಿ ಫೇಲಾಗಿ ತಲೆ ತಗ್ಗಿಸಿ ಕೂತವರನ್ನು ಯಾರೂ ಕೇಳುವುದಿಲ್ಲ. ನಮ್ಮ ಬೀದಿಯಲ್ಲೇ ಅಂಥವರು ಒಬ್ಬರಾದರೂ ಇರುತ್ತಾರೆ. ಅವರ ಮನೆಗೆ ಹೋಗಿ, ಅಪ್ಪ ಅಮ್ಮನ ಹತ್ತಿರ ಕೂತು ಮಾತನಾಡಿ, ಮುಂದಿನ ಪರೀಕ್ಷೆಗೋ ಪಿಯುಸಿಗೋ ಅರ್ಜಿ ಹಾಕಿಸಿ ಬರೋಣ.