ಎರಡು ನಕ್ಷೆಗಳಲ್ಲಿ ಒಂದು ಕಣದ ದಾರಿ

ಕೋಲಾರದ ಗಣಿ (ಕೆಜಿಎಫ್) ಕೊಟ್ಟದ್ದು ಬಂಗಾರವೊಂದನ್ನೇ ಅಲ್ಲ. 1980ರಲ್ಲಿ ಕೆಜಿಎಫ್‌ನ ನೆಲದಡಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನಿನ ಒಸಾಕದ ಜೊತೆಗಾರರೊಡನೆ ಪ್ರೋಟಾನ್ ಎಂದಾದರೂ ಒಡೆದೀತೇ ಎಂದು ಕಾಯತೊಡಗಿದರು. ಅವರ 140 ಟನ್ ತೂಕದ ಉಪಕರಣದಲ್ಲಿ ಅನಿಲ ತುಂಬಿದ ಕೊಳವೆಗಳ 34 ಪದರಗಳಿದ್ದವು. ಕಣವೊಂದು ಹಾದುಹೋದಾಗ ಇಂಥ ಉಪಕರಣದಿಂದ ಮೊದಲು ಸಿಗುವುದು ಚಿತ್ರವಲ್ಲ, ಅಂಕಿಗಳ ರಾಶಿ: ಯಾವ ಪದರ, ಯಾವ ಕೊಳವೆ, ಮಿಡಿತ ಎಷ್ಟು ದೊಡ್ಡದು, ಯಾವ ಹೊತ್ತು. ಇಷ್ಟನ್ನೂ ಚಪ್ಪಟೆ ಹಾಳೆಗೆ ಇಳಿಸುವ ಉಪಾಯ ಜೋಡಣೆಯಲ್ಲೇ ಅಡಗಿತ್ತು. ಒಂದು ಪದರದ ಕೊಳವೆಗಳು ಉದ್ದಕ್ಕೆ, ಮುಂದಿನದರವು ಅಡ್ಡಕ್ಕೆ. ಹಾಗಾಗಿ ಪ್ರತಿ ಘಟನೆಗೂ ಎರಡು ನಕ್ಷೆ: ಉದ್ದದ ಕೊಳವೆಗಳದ್ದೊಂದು, ಅಡ್ಡದವುಗಳದ್ದೊಂದು. ಎರಡನ್ನೂ ಪಕ್ಕಪಕ್ಕ ಇಟ್ಟು ಎತ್ತರ ಹೊಂದಿಸಿದರೆ ಕಣದ ಓರೆ ದಾರಿ ಮೂರೂ ಆಯಾಮಗಳಲ್ಲಿ ತೆರೆದುಕೊಳ್ಳುತ್ತದೆ. ಕೊಳವೆಯಲ್ಲಿ ಕಣ ಬಿಟ್ಟುಹೋದ ಶಕ್ತಿ ನಾಲ್ಕನೆಯ ಆಯಾಮ. ಇಂದಿನ ದತ್ತಾಂಶ ತಂತ್ರಾಂಶಗಳು ಅಂಥದ್ದನ್ನು ಬಣ್ಣದ ಗಾಢತೆಯಲ್ಲಿ ತೋರಿಸುತ್ತವೆ, ಹೊತ್ತಿಗೆ ಬೇರೆಯೇ ನಕ್ಷೆ ಬಿಡಿಸುತ್ತವೆ. ಒಂದೇ ನಕ್ಷೆಯನ್ನು ನಂಬುವುದು ಅಪಾಯ: ಅದರಲ್ಲಿ ಒಂದನ್ನೊಂದು ದಾಟಿದಂತೆ ಕಾಣುವ ಎರಡು ಗೆರೆಗಳ ನಡುವೆ, ಇನ್ನೊಂದು ನಕ್ಷೆಯಲ್ಲಿ ನೋಡಿದರೆ, ಒಂದು ಮಾರು ಅಂತರವಿರಬಹುದು.